ಆರು ಡಿಗ್ರಿಯ ಏರು

"ಇದ್ಯಾವ ಏರು ಮಗಾ? ಗದ್ದೆ ಬಯಲು ಇದ್ದಂಗೈತಲ್ಲ."

ಅವ್ವ ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೊಳ ದೂರ ಹಿಡಿದು ನೋಡುತ್ತಿದ್ದಳು. ನಾನಿನ್ನೂ ಶೂ ಬಿಚ್ಚಿರಲಿಲ್ಲ. ತೊಡೆಗಳ ನಡುಕ ನಿಂತಿರಲಿಲ್ಲ, ಬೆನ್ನಿನ ಬೆವರು ಆರಿರಲಿಲ್ಲ. ವನಗೂರಿನ ಮೇಲೆ ಪಟ್ಲ ಬೆಟ್ಟದ ಕಡೆಗೆ ಹತ್ತುವ ಮಣ್ಣು ದಾರಿಯಲ್ಲಿ, ಸೈಕಲ್ಲಿನ ಅತಿ ಹಗುರವಾದ ಗೇರಿನಲ್ಲೂ ಉಸಿರು ಸಾಲದೆ ಮೂರು ಕಡೆ ನಿಂತು, ನಾಲ್ಕನೆಯ ಕಡೆ ಇಳಿದು ತಳ್ಳಿದ್ದೆ. ತಳ್ಳಿದ ಆ ಜಾಗದಲ್ಲೇ, ಇದಕ್ಕಿಂತ ಕಡಿದಾದದ್ದು ಇಲ್ಲ ಎಂದುಕೊಂಡು ತೆಗೆದ ಚಿತ್ರ ಅದು. ಅವ್ವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಚಿತ್ರದಲ್ಲಿ ಒಂದು ಕೆಂಪು ದಾರಿ ಹುಲ್ಲಿನ ನಡುವೆ ಹಾಯಾಗಿ ಮಲಗಿತ್ತು. ನನ್ನನ್ನು ಹಿಂಡಿ ಹಾಕಿದ ಏರು ಅದರಲ್ಲಿ ಎಲ್ಲೂ ಇರಲಿಲ್ಲ.

ವಾರವೆಲ್ಲ ನಾನು ಹಾಸನದ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಸಕಲೇಶಪುರ ದಾಟಿ ಹೆತ್ತೂರಿನ ಕಡೆಯ ನಮ್ಮ ಮನೆಗೆ ಬರುತ್ತೇನೆ. ಸೈಕಲ್ಲು ಅಲ್ಲೇ, ಕಾಫಿ ಮೂಟೆ ಇಡುವ ಕೋಣೆಯಲ್ಲಿ ಇರುತ್ತದೆ. ದಪ್ಪ ಟೈರಿನ, ಮುಂದೆ ಮಾತ್ರ ಶಾಕ್ ಇರುವ ಗುಡ್ಡದ ಸೈಕಲ್ಲು. ಭಾನುವಾರ ಬೆಳಿಗ್ಗೆ ಸೊಂಟದ ಚೀಲದಲ್ಲಿ ಒಂದು ಪುಟ್ಟ ಕ್ಯಾಮೆರಾ, ಒಂದು ಬಾಟಲಿ ನೀರು, ಪಂಕ್ಚರ್ ಸಾಮಾನು, ಉಂಬಳಕ್ಕೆಂದು ಒಂದು ಪೊಟ್ಟಣ ಉಪ್ಪು ಹಾಕಿಕೊಂಡು ಹೊರಡುವುದು. ಈ ದಾರಿಗಳ ಚೆಲುವನ್ನು ತೋರಿಸುವ ಚಿತ್ರ ನನ್ನ ಬಳಿ ನೂರಾರಿವೆ. ಮಂಜು, ಹುಲ್ಲುಗಾವಲು, ಕಣಿವೆಯಾಚೆ ನಿಂತ 1,712 ಮೀಟರಿನ ಕುಮಾರ ಪರ್ವತ, ಎಲ್ಲವೂ ಉಂಟು. ಅವ್ವನ ಆ ಒಂದು ಮಾತಿನ ಮೇಲೆ ಅವೆಲ್ಲ ನನಗೆ ಅರೆಬರೆಯಾಗಿ ಕಂಡವು. ಈ ನಾಡಿನ ನಿಜವಾದ ಗುಣ ಅದರ ಏರಿಳಿತ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ತೆಗೆದಿದ್ದೆ. ಅಂದಿನಿಂದ ನಾಲ್ಕು ವರ್ಷ, ಒಂದು ಏರನ್ನು ಏರಿನಂತೆಯೇ ಕಾಣುವ ಹಾಗೆ ತೆಗೆಯಬೇಕೆಂಬುದೇ ಭಾನುವಾರಗಳ ಕೆಲಸವಾಯಿತು.

ಹತ್ತನೆಯ ತರಗತಿಯಲ್ಲಿ ಉನ್ನತ ಕೋನ, ಅವನತ ಕೋನ ಎಂದು ಒಂದು ಪಾಠವಿದೆ. ಗೋಪುರದ ತುದಿಯನ್ನು ನೋಡುವವನ ಕಣ್ಣು ನೆಲದ ಮಟ್ಟದಿಂದ ಎಷ್ಟು ಮೇಲಕ್ಕೆ ಏಳುತ್ತದೆ ಎಂಬ ಲೆಕ್ಕ. ವರ್ಷ ವರ್ಷವೂ ಹೇಳಿಕೊಡುವ ಆ ಪಾಠವನ್ನು ನನ್ನದೇ ದಾರಿಗೆ ಹಚ್ಚಿ ನೋಡಬೇಕೆಂದು ಹೊಳೆದಿರಲಿಲ್ಲ. ಆ ರಾತ್ರಿ ಹಚ್ಚಿದೆ. ನೂರು ಮೀಟರ್ ಮುಂದೆ ಹೋದರೆ ಹತ್ತು ಮೀಟರ್ ಮೇಲೇರುವ ದಾರಿ ಎಂದರೆ ಸೈಕಲ್ಲಿನವರಿಗೆ ಜೋರಾದ ಏರು, ನೂರಕ್ಕೆ ಹತ್ತು. ಅದರ ಕೋನ 5.7 ಡಿಗ್ರಿ. ಆರು ಡಿಗ್ರಿ ಕೂಡ ಇಲ್ಲ! ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ ಸರಿಯುವುದು ಆರು ಡಿಗ್ರಿ. ಹನ್ನೆರಡು ಗಂಟೆಗೆ ನೆಟ್ಟಗೆ ನಿಂತ ಮುಳ್ಳು ಒಂದು ಗೆರೆ ವಾಲಿದರೆ ಯಾರ ಕಣ್ಣಿಗೆ ಬೀಳುತ್ತದೆ? ಪಟ್ಲ ಬೆಟ್ಟದ ದಾರಿ ನೂರಕ್ಕೆ ಇಪ್ಪತ್ತು ಏರುವ ತುಂಡಿನಲ್ಲೂ ಕೋನ ಹನ್ನೊಂದು ಡಿಗ್ರಿಯ ಆಸುಪಾಸು, ಮುಳ್ಳಿನ ಲೆಕ್ಕದಲ್ಲಿ ಎರಡು ನಿಮಿಷವೂ ತುಂಬದು. ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ. ಅದು ಕೋನ ನೋಡಿತ್ತು, ನಾನು ಭಾರ ಹೊತ್ತಿದ್ದೆ.

ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಾದಿಯ ಇಳಿಜಾರು ಐವತ್ತಕ್ಕೆ ಒಂದು. ಎಂದರೆ ಒಂದು ಡಿಗ್ರಿಗಿಂತ ತುಸು ಹೆಚ್ಚು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿಗೆ ಅದೇ ಬಹಳ. ಅಷ್ಟನ್ನು ಮೀರಗೊಡದಿರಲು ಆ ಹಾದಿ ಬೆಟ್ಟ ಬಳಸಿ, ಕಣಿವೆ ದಾಟಿ, 57 ಸುರಂಗಗಳನ್ನು ಹೊಕ್ಕು ಹೊರಡಬೇಕಾಯಿತು. ನನ್ನ ಮಣ್ಣು ದಾರಿಯನ್ನು ಕಡಿದವರಿಗೆ ಅಂಥ ಚಿಂತೆ ಇರಲಿಲ್ಲ. ಎತ್ತು ಎಲ್ಲಿ ಹತ್ತಿತೋ ಅಲ್ಲಿ ದಾರಿ, ಆಮೇಲೆ ಜೀಪು ಎಲ್ಲಿ ಹತ್ತಿತೋ ಅಲ್ಲಿ ದಾರಿ.

ಆ ದಾರಿಯಲ್ಲಿ ನಾನು ಹೊತ್ತ ಭಾರ ಎಂಥದೆಂದು ಹೇಳಬೇಕು. ಗಂಟೆಗೆ ಐದೋ ಆರೋ ಕಿಲೋಮೀಟರ್ ವೇಗ. ನಡೆಯುವವರು ಪಕ್ಕದಲ್ಲಿ ಮಾತಾಡಿಕೊಂಡು ಬರಬಹುದು. ಸೀಟಿನ ಮೇಲೆ ಹಿಂದಕ್ಕೆ ಕೂತರೆ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಹಿಡಿತ ತಪ್ಪಿ ಮಣ್ಣಿನಲ್ಲಿ ಸುಮ್ಮನೆ ಗಿರ್ರೆನ್ನುತ್ತದೆ. ಎರಡರ ನಡುವೆ, ಸೀಟಿನ ಮೂತಿಯ ಮೇಲೆ ತುದಿಯಲ್ಲಿ ಕೂತು, ಎದೆಯನ್ನು ಹ್ಯಾಂಡಲ್ಲಿಗೆ ತಗ್ಗಿಸಿ, ಮೊಣಕೈ ಒಳಕ್ಕೆ ಮಡಚಿ ಸಾಗಬೇಕು. ಹೀಗೆ ಹೋಗುವಾಗ ಕಣ್ಣಿಗೆ ಬೇರೆ ಕೆಲಸವಿಲ್ಲದೆ ದರೆಯ ಮೇಲಿನದೆಲ್ಲ ಕಾಣುತ್ತದೆ. ಮಳೆಗಾಲ ಮುಗಿಯುವ ಹೊತ್ತಿನ ಕರ್ಣಕುಂಡಲ, ಜಂಬಿಟ್ಟಿಗೆ ಮಣ್ಣಿನಲ್ಲಿ ಏಡಿ ಕೊರೆದ ತೂತು, ಎಲೆಯ ತುದಿಗೆ ನಿಂತು ಗಾಳಿ ಮೂಸುವ ಉಂಬಳ. ನನ್ನ ಚಿತ್ರಗಳೆಲ್ಲ ಏರಿನವು. ಇಳುಕಲಿನಲ್ಲಿ ಮುಂದಿನ ಹತ್ತು ಮೀಟರಿನ ಕಲ್ಲು ಬೇರುಗಳನ್ನು ಬಿಟ್ಟು ಬೇರೇನನ್ನೂ ನೋಡುವ ಹಾಗಿಲ್ಲ, ಬೆರಳು ಬ್ರೇಕಿನ ಮೇಲಿರುತ್ತದೆ. ಅದರ ಸುಖ ಬೇರೆಯೇ, ಅದನ್ನು ನಾನು ಚಿತ್ರಕ್ಕಾಗಿ ಒಮ್ಮೆಯೂ ನಿಲ್ಲಿಸಿಲ್ಲ.

ಏರನ್ನು ತೋರಿಸುವ ಮೊದಲ ಉಪಾಯವೆಂದು ಉದ್ದನೆಯ ಲೆನ್ಸ್ ತಂದೆ. ಹಾಸನದ ಸ್ನೇಹಿತೆಯೊಬ್ಬಳು ಹಕ್ಕಿ ತೆಗೆಯಲು ಇಟ್ಟುಕೊಂಡದ್ದು, ಕ್ಯಾಮೆರಾ ಸಮೇತ ಎರಡು ದಿನಕ್ಕೆ ಕೊಟ್ಟಳು. ಫೋನಿನ ಅಗಲ ಕಣ್ಣು ಹತ್ತಿರದ ನೆಲವನ್ನು ದೊಡ್ಡದು ಮಾಡಿ ದೂರದ್ದನ್ನು ಇನ್ನೂ ದೂರ ತಳ್ಳುತ್ತದೆ, ಅದಕ್ಕೇ ಏರು ಚಪ್ಪಟೆಯಾಗುತ್ತದೆ. ಉದ್ದನೆಯ ಲೆನ್ಸಿನದು ಇದಕ್ಕೆ ತದ್ವಿರುದ್ಧ. ದೂರ ನಿಂತು ತೆಗೆದರೆ ದಾರಿಯ ಉದ್ದವೆಲ್ಲ ಕುಗ್ಗಿ, ಎತ್ತರ ಮಾತ್ರ ಉಳಿದು, ದಾರಿ ಗೋಡೆಯಂತೆ ಎದ್ದು ನಿಲ್ಲುತ್ತದೆ. ಚಿಕ್ಕಪ್ಪನ ಮಗನನ್ನು ಸೈಕಲ್ ಹತ್ತಿಸಿ ಮೇಲಕ್ಕೆ ಕಳಿಸಿದೆ. ನಾನು ಕೆಳಗಿನ ಗದ್ದೆಯ ಬದುವಿನಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಅವನು ಹತ್ತಿದ, ನಾನು ಕ್ಲಿಕ್ಕಿಸಿದೆ, ಮೋಡ ಅಡ್ಡ ಬಂದಿತ್ತು. "ಇನ್ನೊಂದ್ಸಲ ಹತ್ತೋ" ಎಂದೆ. ಹತ್ತಿದ. ಮೂರನೆಯ ಸಲಕ್ಕೆ ಅವನು ಮೇಲಿನಿಂದಲೇ ಕೂಗಿದ: "ಅಕ್ಕಾ, ಈಗ ನೀನು ಹತ್ತು, ನಾನು ತೆಗಿತೀನಿ." ಅವನ ಮಾತು ನ್ಯಾಯವಾದದ್ದು. ಚಿತ್ರಕ್ಕೆಂದು ಯಾರನ್ನೂ ಒಂದೇ ಏರನ್ನು ಎರಡಕ್ಕಿಂತ ಹೆಚ್ಚು ಸಲ ಹತ್ತಿಸಬಾರದೆಂದು ಅವತ್ತೇ ನನಗೆ ನಾನೇ ಕಟ್ಟಳೆ ಹಾಕಿಕೊಂಡೆ.

ಆ ಚಿತ್ರ ಚೆನ್ನಾಗಿಯೇ ಬಂತು. ದಾರಿ ನೆಟ್ಟಗೆ ಆಕಾಶಕ್ಕೆ ಏಣಿ ಇಟ್ಟ ಹಾಗಿತ್ತು. ಅದರ ಮೇಲೆ ಹುಡುಗ ಹಲ್ಲಿಯಂತೆ ಅಂಟಿಕೊಂಡಿದ್ದ. ಅವ್ವನಿಗೆ ತೋರಿಸಿದೆ. ಈ ಸಲ ಒಪ್ಪಿಯೇ ಒಪ್ಪುತ್ತಾಳೆ ಎಂದುಕೊಂಡಿದ್ದೆ.

"ಇಷ್ಟೊಂದೇನಿಲ್ಲ ಬಿಡು. ಇದು ಆ ದಾರಿ ಅಲ್ಲ."

ಅವಳು ಆ ದಾರಿಯಲ್ಲಿ ಸೌದೆ ಹೊತ್ತವಳು, ಬೇಣದಿಂದ ದನ ಹೊಡೆದುಕೊಂಡು ಬಂದವಳು. ಮೂರು ಎಕರೆ ತೋಟವನ್ನು ಮೂವತ್ತು ವರ್ಷ ನೋಡಿಕೊಂಡವಳು. ಕಡಿಮೆ ತೋರಿಸಿದರೂ ಹೆಚ್ಚು ತೋರಿಸಿದರೂ ಅವಳ ಕಾಲಿಗೆ ಗೊತ್ತಾಗುತ್ತದೆ. ನನಗೂ ಒಳಗೊಳಗೇ ಅಳುಕಿತ್ತು. ಪಾಠದಲ್ಲಿ ಆರು ಡಿಗ್ರಿ ಎಂದು ಬರೆಸಿ, ಚಿತ್ರದಲ್ಲಿ ನಲವತ್ತು ಡಿಗ್ರಿ ಎಂದು ನಂಬಿಸುವುದು ನನ್ನಿಂದ ಆಗುವ ಕೆಲಸವಲ್ಲ. ಆ ಲೆನ್ಸನ್ನು ಬೆನ್ನ ಚೀಲದಲ್ಲಿ ಹೊತ್ತು ತರುವಾಗ ಹಾವಸೆ ಕಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದೆ. ಸ್ನೇಹಿತೆಯ ಸಾಮಾನು ಒಡೆಯಬಾರದೆಂದು ಭುಜ ಕೊಟ್ಟೆ, ಹದಿನೈದು ದಿನ ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯಬೇಕಾಯಿತು. ಮತ್ತೆ ಆ ಲೆನ್ಸ್ ಕೇಳಲಿಲ್ಲ.

ಗುಡ್ಡದ ಸೈಕಲ್ಲು ಹುಟ್ಟಿದ ಜಾಗದ ಚಿತ್ರಗಳನ್ನು ಹುಡುಕಿ ನೋಡಿದ್ದು ಆ ಹದಿನೈದು ದಿನಗಳಲ್ಲಿ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಎಂಬ ಊರಿನ ಹತ್ತಿರ ಒಂದು ಮಣ್ಣು ದಾರಿಯಿದೆ. ಮೂರು ಕಿಲೋಮೀಟರ್ ಚಿಲ್ಲರೆ ಉದ್ದದಲ್ಲಿ ಸುಮಾರು ನಾನೂರು ಮೀಟರ್ ಇಳಿಯುತ್ತದೆ. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಓಡಿಸಿದ್ದು 1930-40ರ ದಶಕದ ಹಳೆಯ ತೂಕದ ಸೈಕಲ್ಲುಗಳನ್ನು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಬದಿ ಚಕ್ರದ ಗುಂಭದೊಳಗೇ ಹಿಡಿಯುವ ಬ್ರೇಕು. ಅಷ್ಟು ಇಳಿಯುವಷ್ಟರಲ್ಲಿ ಒಳಗಿನ ಗ್ರೀಸು ಕಾದು ಹೊಗೆಯಾಡಿ ಸುಟ್ಟೇಹೋಗುತ್ತಿತ್ತು, ಪ್ರತಿ ಇಳಿತದ ನಂತರ ಗುಂಭ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಆ ತುಂಬುವ ಕೆಲಸದಿಂದಲೇ ದಾರಿಗೆ ರೀಪ್ಯಾಕ್ ಎಂಬ ಹೆಸರು ಬಂತು. ಆ ಗುಂಪಿನ ಜೋ ಬ್ರೀಜ್ 1977ರಲ್ಲಿ ಗುಡ್ಡಕ್ಕೆಂದೇ ಹೊಸ ಚೌಕಟ್ಟು ಬೆಸೆದರು, ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ ಅಂಥ ಸೈಕಲ್ ಮಾರುವ ಅಂಗಡಿ ತೆರೆದರು. 1996ರ ಅಟ್ಲಾಂಟಾ ಹೊತ್ತಿಗೆ ಗುಡ್ಡದ ಸೈಕಲ್ಲಿನ ಪಂದ್ಯ ಒಲಿಂಪಿಕ್ಸಿಗೂ ಹೋಯಿತು.

ನನ್ನನ್ನು ಹಿಡಿದು ಕೂರಿಸಿದ್ದು ಆ ಗುಂಪಿನಲ್ಲಿದ್ದ ವೆಂಡಿ ಕ್ರ್ಯಾಗ್. ಅವರು ಸ್ವತಃ ಸೈಕಲ್ ಹೊಡೆಯುತ್ತಿದ್ದ ಹೆಂಗಸು, ಕೈಯಲ್ಲಿ ಕ್ಯಾಮೆರಾ. ಮುಂದೊಂದು ದಿನ ಇದು ಇತಿಹಾಸವಾಗುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರದ ಕಾಲದಲ್ಲಿ ಗೆಳೆಯರನ್ನು ತೆಗೆದಿಟ್ಟರು. ಆ ಮೊದಲ ದಿನಗಳು ಹೇಗಿದ್ದವೆಂದು ಇವತ್ತು ಲೋಕ ಕಾಣುತ್ತಿರುವುದು ಬಹುಮಟ್ಟಿಗೆ ಅವರ ಚಿತ್ರಗಳಲ್ಲೇ. ರೀಪ್ಯಾಕ್ ದಾರಿಯ ಒಂದು ತಿರುವಿಗೆ ಕ್ಯಾಮೆರಾ ಕಾರ್ನರ್ ಎಂದೇ ಹೆಸರಿದೆ. ಚಿತ್ರ ತೆಗೆಯುವವರು ನಿಲ್ಲುವ ಜಾಗವೇ ದಾರಿಯ ನಕ್ಷೆಯಲ್ಲಿ ಊರಿನಂತೆ ಹೆಸರು ಪಡೆದುಕೊಂಡದ್ದನ್ನು ಓದಿ ನನಗೆ ಬಹಳ ಖುಷಿಯಾಯಿತು.

ಆ ಕಾಲದ ಚಿತ್ರಗಳನ್ನು ಹತ್ತಾರು ಸಲ ನೋಡಿದೆ. ಅವುಗಳಲ್ಲೂ ದಾರಿ ಚಪ್ಪಟೆಯೇ. ಆದರೂ ಇಳುಕಲು ಗೊತ್ತಾಗುತ್ತದೆ. ಜೀನ್ಸ್ ತೊಟ್ಟವನೊಬ್ಬ ಒಂದು ಕಾಲನ್ನು ನೆಲಕ್ಕೆ ಚಾಚಿ, ತಿರುವಿನಲ್ಲಿ ವಾಲಿ ದೂಳೆಬ್ಬಿಸಿ ಬರುತ್ತಾನಲ್ಲ, ಅವನ ಮೈಯಲ್ಲಿ ಗೊತ್ತಾಗುತ್ತದೆ. ದಾರಿಯೊಂದನ್ನೇ ನೋಡುತ್ತಿದ್ದರೆ ಏರು ಸಿಗದು, ಅದರ ಪಕ್ಕದಲ್ಲಿ ಇನ್ನೊಂದು ಸಾಕ್ಷಿ ಬೇಕು.

ತೋಟದ ದಾರಿಗಳಿಗೆ ಹೊರಳಿದ್ದು ಆಮೇಲೆ. ಹುಲ್ಲುಗುಡ್ಡದ ಮೇಲೆ ಸಾಕ್ಷಿಗೆ ನಿಲ್ಲಲು ಒಂದು ಮರವಿಲ್ಲ. ಅಷ್ಟೇ ಅಲ್ಲ, ಜೀಪುಗಳು ಹರಿದು ಹರಿದು ಅಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿವೆ. ಪ್ರತಿ ಮಳೆಗೂ ಅವು ಹೊಳೆಯಾಗಿ ಹುಲ್ಲಿನ ಚರ್ಮವನ್ನು ಸುಲಿದುಕೊಂಡು ಹೋಗುತ್ತವೆ. ಸೈಕಲ್ಲಿನ ಭಾರ ಜೀಪಿನದಕ್ಕೆ ಸಮವಲ್ಲ, ನಿಜ. ಆದರೆ ಒದ್ದೆ ನೆಲದಲ್ಲಿ ಹಿಂದಿನ ಬ್ರೇಕು ಒತ್ತಿ ಜಾರಿಸಿಕೊಂಡು ಇಳಿದರೆ ಟೈರು ಎಳೆದ ಗೆರೆಯಲ್ಲೇ ಮುಂದಿನ ಮಳೆಯ ನೀರು ದಾರಿ ಮಾಡಿಕೊಳ್ಳುತ್ತದೆ. ಮಳೆಗಾಲದಲ್ಲಿ ನಾನು ಹುಲ್ಲುಗುಡ್ಡದ ಮೇಲೆ ಚಕ್ರ ಇಡುವುದಿಲ್ಲ, ಬೇರೆಯವರೂ ಇಡಬಾರದೆಂದು ಕೈ ಮುಗಿದು ಕೇಳುತ್ತೇನೆ.

ಕಾಫಿ ತೋಟದೊಳಗಿನ ದಾರಿಗೆ ಮಾಲೀಕರ ಒಪ್ಪಿಗೆ ಬೇಕು, ಆನೆಯ ಒಪ್ಪಿಗೆಯೂ ಬೇಕು. ಚಿತ್ರ ತೆಗೆಯುವವರು ಬೆಳಕು ಹರಿಯುವ ಹೊತ್ತು, ಮುಳುಗುವ ಹೊತ್ತು ಎಂದು ಪ್ರಾಣ ಬಿಡುತ್ತಾರೆ. ನಮ್ಮ ಕಡೆ ಆ ಎರಡು ಹೊತ್ತೂ ಆನೆಗಳವು. ಗುಂಪು ಯಾವ ತೋಟದಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶ ನೋಡಿಕೊಂಡು, ಕೂಲಿಯವರು ಕೆಲಸಕ್ಕೆ ಇಳಿದ ಮೇಲೆ, ಒಂಬತ್ತರ ನಂತರವೇ ನಾನು ಗೇಟು ದಾಟುವುದು. ಸಂಜೆ ನಾಲ್ಕಕ್ಕೆ ಮನೆಯಲ್ಲಿರಬೇಕು. ಹೊಂಬಿಸಿಲಿನ ಚಿತ್ರ ನನ್ನ ಬಳಿ ಒಂದೂ ಇಲ್ಲ, ಅದರ ಕೊರಗೂ ಇಲ್ಲ.

ತೋಟದಲ್ಲಿ ಸಿಲ್ವರ್ ಮರಗಳಿವೆ. ನೆರಳಿಗೂ ಆಯಿತು, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೂ ಆಯಿತು ಎಂದು ಸಾಲು ಸಾಲಾಗಿ ನೆಟ್ಟವು. ನೆಲ ಎಷ್ಟೇ ಓರೆಯಿರಲಿ, ಆ ಮರ ಗಾರೆ ಮೇಸ್ತ್ರಿಯ ತೂಗುಗುಂಡಿನ ದಾರದಂತೆ ನೆಟ್ಟಗೆ ಬೆಳೆಯುತ್ತದೆ. ಮರದ ಬುಡ ಮತ್ತು ದಾರಿ ಕೂಡುವ ಕಡೆ ಕೋನ ತಾನೇ ಕಾಣುತ್ತದೆ. ಆದರೆ ಅಲ್ಲೂ ಮೊದಲು ಎಡವಿದೆ. ಇಳಿಜಾರಿನಲ್ಲಿ ನಿಂತವರ ಕೈ ಗೊತ್ತಿಲ್ಲದೆ ಕ್ಯಾಮೆರಾವನ್ನು ದಾರಿಗೆ ಸಮನಾಗಿ ವಾಲಿಸಿಬಿಡುತ್ತದೆ. ಚಿತ್ರದಲ್ಲಿ ದಾರಿ ಮಟ್ಟಸವಾಗಿ, ಮರಗಳು ಕುಡಿದವರಂತೆ ಓಲಾಡುತ್ತವೆ. ಕ್ಯಾಮೆರಾದೊಳಗೆ ರಸಮಟ್ಟದ ಗೆರೆ ಮೂಡಿಸುವ ಸೌಲಭ್ಯವಿದೆ. ಅದನ್ನು ಹಚ್ಚಿ, ಗೆರೆ ಹಸಿರಾಗುವವರೆಗೆ ಉಸಿರು ಹಿಡಿದು ಕಾಯುವುದನ್ನು ಕಲಿತೆ. ಏದುಸಿರಿನಲ್ಲಿರುವಾಗ ಉಸಿರು ಹಿಡಿಯುವುದು ಎಷ್ಟು ಕಷ್ಟವೆಂಬುದು ಹತ್ತಿದವರಿಗೇ ಗೊತ್ತು.

ಈ ನಡುವೆ ಒಂದು ಭಾನುವಾರ ಬಿಸಿಲೆಯ ದಾರಿಯಲ್ಲಿ ಮಂಕನಹಳ್ಳಿಯ ರಿಡ್ಜ್ ಕಲ್ಲಿನವರೆಗೂ ಹೋದೆ. ರಸ್ತೆ ಬದಿಯ ಒಂದು ಸಾಧಾರಣ ಕಲ್ಲು, ಮೇಲೆ ಇಂಗ್ಲಿಷ್ ಅಕ್ಷರ. ಅದರ ಒಂದು ಬದಿಗೆ ಬಿದ್ದ ಮಳೆ ಹೇಮಾವತಿಗೆ ಸೇರಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಅರಬ್ಬಿ ಸಮುದ್ರ ಸೇರುತ್ತದೆ. ಕಲ್ಲಿನ ಪಕ್ಕ ಸೈಕಲ್ ಒರಗಿಸಿ ಒಂದು ಗಂಟೆ ಕೂತೆ. ಎಲ್ಲಿಂದ ನೋಡಿದರೂ ನೆಲ ಮಟ್ಟಸ. ನನ್ನ ರಸಮಟ್ಟದ ಗೆರೆ ಎತ್ತ ಹಿಡಿದರೂ ಹಸಿರೇ ಆಗುತ್ತಿತ್ತು. ಎರಡು ಸಮುದ್ರಗಳನ್ನು ಬೇರೆ ಮಾಡುವ ಇಳಿಜಾರು ನನ್ನ ಕಣ್ಣಿಗೂ ಇಲ್ಲ, ಕಾಲಿಗೂ ಇಲ್ಲ. ಅದು ಗೊತ್ತಿರುವುದು ನೀರಿಗೊಂದಕ್ಕೇ. ಅಲ್ಲಿ ಚಿತ್ರ ತೆಗೆಯಲೇ ಇಲ್ಲ, ಆದರೆ ಅಲ್ಲಿಂದ ಬರುವಾಗ ನೀರು ತಲೆಯಲ್ಲಿ ಉಳಿಯಿತು.

ಅಕ್ಟೋಬರಿನಲ್ಲಿ ಚಿತ್ತೆ ಮಳೆ ಒಂದು ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ಹೊಳವಾಗಿತ್ತು. ಪರಿಚಯದವರ ತೋಟದ ಮೇಲಿನ ದಾರಿಯಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡು ನಿಧಾನವಾಗಿ ಹತ್ತುತ್ತಿದ್ದೆ. ಒಳಗಿನಿಂದ ಮೇಸ್ತ್ರಿಯ ದನಿ ಬಂತು.

"ಹುಷಾರು ಅಕ್ಕ, ಈ ಕಡೆ ಇಳೀಬೇಡಿ, ಗುಂಡಿ ಅವೆ."

ತೊಟ್ಟಿಲು ಗುಂಡಿಗಳು. ಕಾಫಿ ಗಿಡಗಳ ಸಾಲಿನ ನಡುವೆ, ಏರಿಗೆ ಅಡ್ಡಲಾಗಿ, ಮಗುವಿನ ತೊಟ್ಟಿಲಿನಷ್ಟು ಉದ್ದಕ್ಕೆ ತೆಗೆಯುವ ಕಿರಿದಾದ ಗುಂಡಿಗಳು. ಮೇಲಿನಿಂದ ಓಡಿಬರುವ ನೀರನ್ನು ತಡೆದು ಇಂಗಿಸುತ್ತವೆ, ಕೊಚ್ಚಿ ಬರುವ ಮಣ್ಣನ್ನು ಹಿಡಿದಿಡುತ್ತವೆ. ನಾನು ಹುಟ್ಟಿದಾಗಿನಿಂದ ಕಂಡವೇ. ಸೈಕಲ್ ನಿಲ್ಲಿಸಿ ಹತ್ತಿರ ಹೋದೆ. ಮೇಸ್ತ್ರಿ ಒಂದರ ಅಂಚನ್ನು ಗುದ್ದಲಿಯಿಂದ ಸವರುತ್ತಿದ್ದರು.

"ತಳ ಮಟ್ಟ ಇರ್ಬೇಕು. ಒಂಚೂರು ಓರೆ ಆದ್ರೆ ನೀರೆಲ್ಲ ಒಂದೇ ಮೂಲೇಲಿ ನಿಂತು ಅಂಚು ಒಡ್ಕೊಂಡು ಹೋಯ್ತದೆ" ಎಂದರು.

"ಮಟ್ಟ ಹೆಂಗೆ ನೋಡ್ತೀರಿ ಮೇಸ್ತ್ರಿ?"

"ನೋಡೋದೇನು, ಅಂದಾಜು. ಮಳೆ ಬಂದ್ಮೇಲೆ ನೀರೇ ತೋರಿಸ್ತದಲ್ಲ."

ಅವರು ಗುದ್ದಲಿ ಹೆಗಲಿಗೇರಿಸಿ ಮುಂದಿನ ಸಾಲಿಗೆ ಹೋದರು. ನಾನು ಗುಂಡಿಗಳ ಮೇಲಿನ ಅಂಚಿನಲ್ಲಿ ನಿಂತು ಕೆಳಗೆ ನೋಡಿದೆ. ಒಂದರ ಕೆಳಗೊಂದು ಐದು ಗುಂಡಿ. ಐದರಲ್ಲೂ ಕೆಂಪು ನೀರು. ಗಾಳಿ ಇರಲಿಲ್ಲ, ನೀರು ಅಲುಗುತ್ತಿರಲಿಲ್ಲ. ಪ್ರತಿಯೊಂದರ ಮೇಲೂ ಮೋಡದ ಒಂದೊಂದು ತುಂಡು ಬಿಳಿಯಾಗಿ ಬಿದ್ದಿತ್ತು. ಐದು ರಸಮಟ್ಟಗಳನ್ನು ಮೆಟ್ಟಿಲಿನಂತೆ ಇಟ್ಟ ಹಾಗೆ. ಒಂದರ ನೀರಿನಿಂದ ಇನ್ನೊಂದರ ನೀರಿಗೆ ಎಷ್ಟು ಇಳಿದಿದೆ ಎಂಬುದನ್ನು ಬೆರಳಿಟ್ಟು ಅಳೆಯಬಹುದಿತ್ತು. ನೆಲ ಎಷ್ಟು ಓರೆಯೋ ಅಷ್ಟೇ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಪಕ್ಕಕ್ಕೆ ಇಳಿದು, ಮೂರನೆಯ ಗುಂಡಿಯ ಎದುರಿಗೆ, ಒದ್ದೆ ದರಗಿನ ಮೇಲೆ ಮೊಣಕಾಲೂರಿ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದೆ. ಎಡಕ್ಕೆ ಒಂದು ಸಿಲ್ವರ್ ಮರದ ಬುಡ ಬಿತ್ತು. ಮೇಲ್ಮೂಲೆಯಲ್ಲಿ ದಾರಿಯ ಮೇಲೆ ಮಲಗಿಸಿದ್ದ ಸೈಕಲ್ಲಿನ ಹಿಂದಿನ ಚಕ್ರ ಅರ್ಧ ಬಂತು. ಅದನ್ನು ತೆಗೆಯಲು ಮನಸ್ಸಾಗಲಿಲ್ಲ, ಅದೂ ಹತ್ತಿ ಬಂದದ್ದು. ಗೆರೆ ಹಸಿರಾಯಿತು. ಒಂದೇ ಸಲ ಒತ್ತಿದೆ. ಅಷ್ಟರಲ್ಲಿ ಮೇಲಿನ ಮರದಿಂದ ಹನಿಗಳು ಉದುರಿ ನೀರೆಲ್ಲ ಕದಡಿತು, ಎರಡನೆಯದು ತೆಗೆಯಲಾಗಲಿಲ್ಲ. ಕಾಲಿಗೆ ಹತ್ತಿದ್ದ ಮೂರು ಉಂಬಳಗಳನ್ನು ಉಪ್ಪು ಹಾಕಿ ಬಿಡಿಸಿಕೊಂಡು ಮನೆಗೆ ಬಂದೆ.

ಅವ್ವ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಕೈಯಲ್ಲಿ ಹಿಟ್ಟು, ಅದಕ್ಕೇ ನಾನೇ ಕ್ಯಾಮೆರಾವನ್ನು ಅವಳ ಮುಖದ ಮುಂದೆ ಹಿಡಿದೆ. ಏನು, ಎಲ್ಲಿ ಎಂದು ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ನೋಡಿದಳು. ಕಾವಲಿಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅದನ್ನು ಮಗುಚಿ ಹಾಕಿ ಮತ್ತೆ ನೋಡಿದಳು.

"ಯಾರ ತೋಟ ಇದು? ಭಾರಿ ಓರೆ ಐತಲ್ಲ" ಎಂದಳು. ಹಿಟ್ಟಿನ ಬೆರಳನ್ನು ತೆರೆಗೆ ತಾಗಿಸದೆ ಕೆಳಗಿನ ಗುಂಡಿಯ ಕಡೆ ತೋರಿಸಿದಳು. "ಇದ್ನ ನೋಡು, ಆಗ್ಲೇ ಅರ್ಧ ಮಣ್ಣು ಕೂತದೆ. ಮುಂದಿನ ಮಳೆಗೆ ಅಂಚು ಒಡೀತದೆ. ನಾಳೆ ಬಸ್ಸಿಗೆ ಹೋಗೋ ಮುಂಚೆ ಆ ಮೇಸ್ತ್ರಿಗೆ ಒಂದ್ಮಾತು ಹೇಳೇ ಹೋಗು."